ಬೂದುಬಣ್ಣದ ತೊರಕೆ ರೆಕ್ಕೆಗಳು

೨೦೨೦ರ ಶರತ್ಕಾಲದಲ್ಲಿ ನಾನು ಐರ್ಲೆಂಡಿನ ಕಾರ್ಕ್ ಕಡೆಯ ಬಂದರುಗಳಲ್ಲಿ ಸ್ಯಾಂಪ್ಲಿಂಗ್ ಕೆಲಸಕ್ಕಿದ್ದೆ. ದೋಣಿಗಳು ತಂದ ತೊರಕೆ, ಅಂದರೆ ಎರಡೂ ಬದಿಗೆ ಅಗಲ ರೆಕ್ಕೆ ಚಾಚಿದ ಚಪ್ಪಟೆ ಮೀನಿನ ಜಾತಿ ಗುರುತಿಸಿ ಅಳತೆ ಹಿಡಿಯುವುದು ನನ್ನ ಪಾಲು. ಯುರೋಪಿನ ದೇಶಗಳು ಬಹುಕಾಲ ಎಲ್ಲ ತೊರಕೆಗಳನ್ನೂ ಒಂದೇ ಹೆಸರಿನಡಿ ತೂಗುತ್ತಿದ್ದವು. ದೊಡ್ಡ ಜಾತಿಗಳು ಕಣ್ಮರೆಯಾಗುತ್ತಿದ್ದರೂ ಸಣ್ಣವು ಆ ಜಾಗ ತುಂಬಿದ್ದರಿಂದ ಕುಸಿತ ಯಾರಿಗೂ ಕಾಣಲಿಲ್ಲ. ಅದಕ್ಕೇ ಈಗ ಜಾತಿವಾರು ಲೆಕ್ಕ. ಕಾಮನ್ ಸ್ಕೇಟ್ ಎಂಬ ದೈತ್ಯ ತೊರಕೆ ಬಲೆಗೆ ಬಿದ್ದರೂ ಸಮುದ್ರಕ್ಕೇ ಬಿಡಬೇಕು.

ಆದರೆ ತೊರಕೆಯಲ್ಲಿ ತಿನ್ನುವುದು ರೆಕ್ಕೆಗಳನ್ನು ಮಾತ್ರ. ಅವನ್ನು ದೋಣಿಯಲ್ಲೇ ಕತ್ತರಿಸಿ ಉಳಿದದ್ದನ್ನು ಕಡಲಿಗೆ ಎಸೆಯುತ್ತಾರೆ. ತಲೆ, ಬಾಲ ಇಲ್ಲದ ಮೀನಿನ ಜಾತಿ ಹೇಳುವುದು ಕಷ್ಟ.

ಆ ವರ್ಷ ಫ್ರಾನ್ಸ್, ಬೆಲ್ಜಿಯಂನ ರೆಸ್ಟೋರೆಂಟುಗಳು ಮುಚ್ಚಿ ತೊರಕೆಯ ದರ ಬಿದ್ದಿತ್ತು. ಬಂದರಿನ ಮೀನುಗಾರರಿಗೆ ನಮ್ಮ ಮುಖ ಕಂಡರೆ ಆಗುತ್ತಿರಲಿಲ್ಲ. ಕೋವಿಡ್ ನಿಯಮದಂತೆ ಮೀನು ಇಡುವ ಕೋಲ್ಡ್ ರೂಮಿನೊಳಗೆ ಒಬ್ಬರೇ ಹೋಗಬೇಕು. ಒಂದು ದಿನ ನಾನು ಒಳಹೋದೆ. ಜೊತೆಗಾರ, ಮೈಸೂರಿನ ನವೀನ್, ವ್ಯಾನಿನಲ್ಲಿ ಉಳಿದ.

ಮೀನಿನ ಪೆಟ್ಟಿಗೆಯಲ್ಲಿ ಮೇಲಿದ್ದ ರೆಕ್ಕೆಗಳ ಅಡಿಭಾಗ ಬೆಳ್ಳಗಿತ್ತು. ಮಾರಬಹುದಾದ ಥಾರ್ನ್‌ಬ್ಯಾಕ್ ಜಾತಿ. ಕೆಳಗೆ ಕೈ ಹಾಕಿದೆ. ನನ್ನ ತೋಳಿನಷ್ಟು ಉದ್ದದ ರೆಕ್ಕೆ, ಅಡಿಭಾಗ ಬೂದು, ತುಂಬ ಕಪ್ಪು ಚುಕ್ಕಿ. ಕಾಮನ್ ಸ್ಕೇಟ್. ಫೋಟೊ ತೆಗೆದೆ.

ಬಾಗಿಲಲ್ಲಿದ್ದ ದೋಣಿಯ ಯಜಮಾನ ಮಾಸ್ಕ್ ಕೆಳಗೆಳೆದ. "ಅದು ಥಾರ್ನ್‌ಬ್ಯಾಕ್, ಲವ್," ಎಂದ, ಅಲ್ಲಿಯವರು ಹೆಂಗಸರನ್ನು ಕರೆಯುವ ಧಾಟಿಯಲ್ಲಿ.

"ಅಲ್ಲ, ಸ್ಕೇಟ್."

"ಹಾಗಾದ್ರೆ ನಿಧಾನವಾಗಿ ಇನ್ನೊಮ್ಮೆ ನೋಡು. ಫೋಟೊ ಡಿಲೀಟ್ ಮಾಡಿದ್ಮೇಲೆ ಕರಿ."

ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು. ಒಳಗಿನ ತುರ್ತು ಗುಂಡಿ ಒತ್ತಿದೆ, ಬಾಗಿಲು ಅಲುಗಲಿಲ್ಲ. ಸಿಗ್ನಲ್ ಇಲ್ಲ. ಅಳತೆಯ ಹಲಗೆಯಿಂದ ಬಾಗಿಲು ಬಡಿದೆ, ಬಡಿಯುತ್ತಲೇ ಇದ್ದೆ. ಬೆರಳುಗಳು ಮರಗಟ್ಟಿದವು. ಫೋಟೊ ಅಳಿಸಿಬಿಡಲೇ ಎಂದು ಫೋನ್ ಎತ್ತಿದ್ದೂ ನೆನಪಿದೆ.

ಆಗ ಹೊರಗೆ ನವೀನನ ದನಿ ಕೇಳಿತು. "ಅವಳೆಲ್ಲಿ?"

"ಒಳಗೆ, ಆರಾಮಾಗಿದ್ದಾಳೆ. ಒಬ್ರೇ ಒಳಗಿರ್ಬೇಕು ಅನ್ನೋದು ನಿಮ್ಮದೇ ರೂಲ್ ಅಲ್ವಾ?"

ನವೀನ್ ಕನ್ನಡದಲ್ಲಿ ಕೂಗಿದ: "ಸುಮಾ! ಲಾಕ್ ಆಗೈತಾ?"

"ಇವ್ನೇ ಹಾಕಿದ್ದು ಕಣೋ! ತೆಗ್ಸೋ!"

ಪೊಲೀಸರಿಗೆ ಫೋನ್ ಮಾಡುತ್ತೇನೆಂದು ನವೀನ್ ಇಂಗ್ಲಿಷಿನಲ್ಲಿ ಅಬ್ಬರಿಸಿದ ಮೇಲೆಯೇ ಚಿಲಕ ಸರಿಯಿತು. ಯಜಮಾನ ನಗುತ್ತಿದ್ದ. "ಸುಮ್ನೆ ತಮಾಷೆ ಮಾಡಿದೆ. ಇಷ್ಟಕ್ಕೇ ಅಳೋದಾ?"

ಫೋಟೊ ಉಳಿದಿತ್ತು. ಆ ದಿನದ ಲೆಕ್ಕದಲ್ಲಿ ಕಾಮನ್ ಸ್ಕೇಟ್ ಎಂದೇ ಸೇರಿಸಿದೆ.

ಸೋಂಕನ್ನು ತಡೆಯಲು ಮಾಡಿದ ನಿಯಮ ಮನುಷ್ಯನ ದ್ವೇಷವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ಈಗ ಮೀನು ತುಂಬಿದ ಪೆಟ್ಟಿಗೆಯೊಂದನ್ನು ಬಾಗಿಲು ಮುಚ್ಚದಂತೆ ಅಡ್ಡವಿಟ್ಟು, ಹೊರಗೊಬ್ಬರನ್ನು ನಿಲ್ಲಿಸಿಯೇ ಒಳಹೋಗುತ್ತೇನೆ. ಆದರೂ ಬಾಗಿಲಿಗೆ ಬೆನ್ನು ಕೊಡಲಾರೆ. ಗೋಡೆಗೆ ಒರಗಿಕೊಂಡೇ ಅಳೆಯುತ್ತೇನೆ.