ಎರಡೂವರೆ ಗಂಟೆಯ ದೆಹಲಿ

ರೈಲಾದರೆ ಎರಡು ರಾತ್ರಿ, ವಿಮಾನವಾದರೆ ಎರಡೂವರೆ ಗಂಟೆ. ತೊಂಬತ್ತರ ದಶಕದ ಆ ಶುಕ್ರವಾರ ಬೆಳಗ್ಗೆ ಎದ್ದಾಗಿನಿಂದ ನನ್ನ ತಲೆಯಲ್ಲಿ ಇದೇ ತಿರುಗುತ್ತಿತ್ತು. ದೆಹಲಿಯಲ್ಲಿ ಒಂಟಿಯಾಗಿದ್ದ ಅಣ್ಣನಿಗೆ ಮರುದಿನ ಬೆಳಗ್ಗೆ ಹಾರ್ಟ್ ಆಪರೇಷನ್. "ನನ್ನ ಒಳಗೆ ಕರ್ಕೊಂಡ್ಹೋಗೋ ಮುಂಚೆ ಬಂದ್ಬಿಡೇ" ಅಂದಿದ್ದ ಫೋನಿನಲ್ಲಿ. ಯಾರನ್ನೂ ಏನೂ ಕೇಳಿದವನಲ್ಲ ಅವನು. ಈಗ ಕೇಳಿದ್ದನಲ್ಲ, ಅದೇ ನನಗೆ ಭಯ.

ಒಂದೂವರೆಗೆ ವಿಮಾನ. ಚಾಮರಾಜಪೇಟೆಯ ನಮ್ಮನೆಯಿಂದ ಹನ್ನೊಂದಕ್ಕೆ ಹೊರಡಬೇಕು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ! ಅಮ್ಮ ಬಿಡ್ತಾಳಾ? ಹತ್ತಕ್ಕೇ ನನ್ನ ಸೂಟ್‌ಕೇಸು ಎದುರುಮನೆಯಲ್ಲಿಟ್ಟು ಬಂದಳು. ಸಾಮಾನು ಒಳ್ಳೇ ಹೊತ್ತಲ್ಲಿ ಹೊಸ್ತಿಲು ದಾಟಿದರೆ ಪ್ರಯಾಣ ಶುರುವಾದ ಹಾಗೆ, ಆಮೇಲೆ ನಾವು ಯಾವಾಗ ಹೊರಟರೂ ದೋಷವಿಲ್ಲ. ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ಈ ಮಹಾತಾಯಿ ನನ್ನ ವ್ಯಾನಿಟಿ ಬ್ಯಾಗನ್ನೂ ಒಯ್ದಿದ್ದಳು. ಟಿಕೆಟ್ಟು ಅದರಲ್ಲಿತ್ತು.

ಹನ್ನೊಂದಕ್ಕೆ ಆಟೊ ಬಂತು. ಎದುರುಮನೆಗೆ ಬೀಗ! ಮಗಳ ಮದುವೆ ಇಟ್ಟುಕೊಂಡಿದ್ದ ಗಂಡ ಹೆಂಡತಿ, ನಾನು ರಾಹುಕಾಲ ಕಳೆದ ಮೇಲೇ ಹೊರಡುವುದು ಅಂದುಕೊಂಡು, ಲಗ್ನಪತ್ರಿಕೆ ಆರಿಸಲು ಸುಲ್ತಾನ್‌ಪೇಟೆಗೆ ಹೋಗಿದ್ದರಂತೆ. ಅದೇ ಆಟೊದಲ್ಲಿ ಸುಲ್ತಾನ್‌ಪೇಟೆಗೆ ಓಡಿದೆ. ಎಷ್ಟು ಅಂಗಡಿ ಹತ್ತಿ ಇಳಿದೆನೋ, ಎಲ್ಲೂ ಸಿಗಲಿಲ್ಲ. ವಾಪಸು ಬಂದರೆ ಇನ್ನೂ ಬೀಗ. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅನ್ನೋದು ಸುಳ್ಳಲ್ಲ.

"ಇನ್ನೇನು ಬಂದ್ಬಿಡ್ತಾರೆ, ಸ್ವಲ್ಪ ತಾಳ್ಕೋ" ಅಂದಳು ಅಮ್ಮ.

ನನಗೆ ಮೈಯೆಲ್ಲ ಉರಿದುಹೋಯಿತು. "ಅಣ್ಣಂಗೆ ಏನಾದ್ರೂ ಆದ್ರೆ ನಿನ್ನಿಂದಾನೇ, ತಿಳ್ಕೋ!" ಅಂತ ನಡುಬೀದಿಯಲ್ಲಿ ಕಿರುಚಿದೆ. ಆಟೊದವರೂ ತಲೆ ತಗ್ಗಿಸಿದರು. ಅಮ್ಮ ಜಗಲಿಯ ಮೇಲೆ ಕೂತಳು.

ಎದುರುಮನೆಯವರು ಬಂದದ್ದು ಹನ್ನೆರಡೂವರೆಗೆ. ನಾನು ಏರ್‌ಪೋರ್ಟ್ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಮರುದಿನ ಬೆಳಗ್ಗೆಯ ವಿಮಾನದಲ್ಲಷ್ಟೇ ಸೀಟು. ಮನೆಗೆ ಬಂದು ಅಮ್ಮನ ಜೊತೆ ಒಂದು ಮಾತೂ ಆಡಲಿಲ್ಲ, ಅವಳು ಬಡಿಸಿದ ಊಟವನ್ನೂ ಮುಟ್ಟಲಿಲ್ಲ. ಬೆಳಗ್ಗೆ ಹೊರಡುವಾಗಲೂ ಹೋಗಿಬರ್ತೀನಿ ಅನ್ನಲಿಲ್ಲ.

ವಿಮಾನ ಸರಿಯಾಗಿ ಎರಡೂವರೆ ಗಂಟೆಯಲ್ಲೇ ದೆಹಲಿ ಮುಟ್ಟಿತು. ಅಣ್ಣನನ್ನು ಒಳಗೆ ಕರೆದುಕೊಂಡು ಹೋಗಿ ಆಗಿತ್ತು. ಬಾಗಿಲ ತನಕ ತಿರುಗಿ ತಿರುಗಿ ನೋಡುತ್ತಿದ್ದನಂತೆ, ನರ್ಸ್ ಹೇಳಿದರು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತ ಆ ಕಾರಿಡಾರ್ ಸವೆಸಿದೆ. ಸಂಜೆ ನಾಲ್ಕಕ್ಕೆ ಡಾಕ್ಟರು ಬಂದು, ಗಾಬರಿಯಿಲ್ಲ, ಚೆನ್ನಾಗಿ ಆಗಿದೆ ಅಂದರು. ಓಡಿಹೋಗಿ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಅಮ್ಮಾ, ಎಲ್ಲ ಚೆನ್ನಾಗಾಯ್ತು. ಅಣ್ಣ ಹುಷಾರಾಗಿದಾನೆ."

 ಅಮ್ಮ ಸಣ್ಣ ದನಿಯಲ್ಲಿ ಕೇಳಿದಳು: "ಹಾಗಾದ್ರೆ ನನ್ನಿಂದ ಏನೂ ಆಗ್ಲಿಲ್ಲ, ಅಲ್ವೇನೇ?"