ಹರಳಿನ ಹೊಟ್ಟೆ

ಜ್ವಾಲಾಮುಖಿ ಎಂದರೆ ಎಲ್ಲರಿಗೂ ಬೆಂಕಿ, ಹೊಗೆ. ನನ್ನ ಪಾಲಿಗೆ ಅದು ಪಾರ್ಕ್ ಸ್ಟ್ರೀಟ್ ಹತ್ತಿರದ ಸರ್ಕಾರಿ ಪ್ರಯೋಗಾಲಯದ ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಮತ್ತು ಲೋಡ್‌ಶೆಡ್ಡಿಂಗ್ ಆದಾಗಲೆಲ್ಲ ಬೆವರೊರೆಸಿಕೊಂಡು ಕಾಯುವ ಕೆಲಸ. ಗಂಡಸರು ಹಡಗಿನಲ್ಲಿ ಅಂಡಮಾನಿಗೆ ಹೋಗಿ, ಅಲ್ಲಿನ ನಿರ್ಜನ ದ್ವೀಪದಲ್ಲಿ ಹೊಸದಾಗಿ ಉಕ್ಕಿದ ಲಾವಾ ಕಲ್ಲುಗಳನ್ನು ಚೀಲಗಳಲ್ಲಿ ತರುತ್ತಿದ್ದರು. ನಾನು ಅವನ್ನು ಕೊಯ್ದು, ತೆಳ್ಳಗೆ ಉಜ್ಜಿ, ನೋಡುತ್ತಿದ್ದೆ. ಹೆಂಗಸರನ್ನು ಹಡಗಿಗೆ ಕಳಿಸುವ ರೂಢಿ ಇರಲಿಲ್ಲ. ವರ್ಷವರ್ಷವೂ ಅರ್ಜಿ ಹಾಕಿ, ವಾದ ಮಾಡಿ, ಜಗಳಗಂಟಿ ಎಂಬ ಬಿರುದನ್ನು ಮಾತ್ರ ಸಂಪಾದಿಸಿದ್ದೆ.

ಅಪ್ಪ ಹೋದ ಮೇಲೆ ಅವ್ವ ಧಾರವಾಡ ಬಿಟ್ಟು ಬಂಗಾಳಕ್ಕೆ, ಟಾಲಿಗಂಜ್‌ನ ನನ್ನ ಮನೆಗೆ ಬಂದಿದ್ದಳು. "ಆ ಸುಟ್ಟ ಕಲ್ಲಿನಾಗ ಏನ ನೋಡ್ತೀಯವ್ವಾ?" ಎಂದು ಒಮ್ಮೆ ಕೇಳಿದಳು. ವಿವರಿಸಿದೆ. ನೆಲದಾಳದಲ್ಲಿ ಕರಗಿದ ಕಲ್ಲಿನೊಳಗೆ ಹರಳು ಬೆಳೆಯುತ್ತದೆ. ಬೆಳೆಯುವಾಗ ಸುತ್ತಲಿನ ಒಂದು ಹನಿಯನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಜ್ವಾಲಾಮುಖಿ ಸಿಡಿದಾಗ ಹೊರಗಿನ ಲಾವಾದಲ್ಲಿದ್ದ ಆವಿಯೆಲ್ಲ ಹಾರಿಹೋಗುತ್ತದೆ, ಹರಳಿನ ಹೊಟ್ಟೆಯ ಹನಿ ಮಾತ್ರ ಗಾಜಾಗಿ ಉಳಿಯುತ್ತದೆ. ಆಳದಲ್ಲಿ ಎಷ್ಟು ಒತ್ತಡವಿತ್ತು, ಯಾಕೆ ಸಿಡಿಯಿತು ಎಂದು ಅದನ್ನೇ ಕೇಳಬೇಕು. ಬಿರುಕಿಲ್ಲದ ಒಂದು ಹರಳಿಗಾಗಿ ನಾನು ವಾರಗಟ್ಟಲೆ ಹುಡುಕುತ್ತಿದ್ದೆ.

"ಹೊಟ್ಟಿಗೆ ಹಾಕ್ಕೊಂಡು ಸುಮ್ನಿರ್ತದಂದ್ರ ಅದು ಹೆಣ್ಣ ಇರಬೇಕು ಬಿಡು" ಎಂದು ಅವ್ವ ನಕ್ಕಳು. ಅವಳ ಸಂಸಾರವೆಲ್ಲ ನಡೆದದ್ದೇ ಹಾಗೆ. ಅತ್ತೆ ಅಂದದ್ದು, ಗಂಡ ಅಂದದ್ದು, ಎಲ್ಲವೂ ಹೊಟ್ಟೆಗೆ. ಆ ಗುಣ ಕಂಡರೆ ನನಗೆ ಮೈ ಉರಿಯುತ್ತಿತ್ತು.

ಆ ವರ್ಷ ದುರ್ಗಾಪೂಜೆಯ ರಜೆ ಮುಗಿದ ಮೇಲೆ, ಕೊನೆಗೂ ನನಗೆ ಹಡಗಿನಲ್ಲಿ ಜಾಗ ಸಿಕ್ಕಿತು. ಅವ್ವನ ಊಟ ಕಡಿಮೆಯಾಗಿತ್ತು. ಕೇಳಿದರೆ "ಪಿತ್ತ ಆಗೇದ" ಎಂದು ಜೀರಿಗೆ ನೀರು ಕುಡಿಯುತ್ತಿದ್ದಳು. ನಾನು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯಾಕೆಗೆ ಅವಳನ್ನು ಒಪ್ಪಿಸಿ ಹೊರಟೆ. ದ್ವೀಪದ ಕಪ್ಪು ಬೂದಿಯ ಮೇಲೆ ನಿಂತು, ಇನ್ನೂ ಬಿಸಿಯಿದ್ದ ಕಲ್ಲನ್ನು ನನ್ನ ಕೈಯಾರೆ ಎತ್ತಿಕೊಂಡಾಗ ಅಳು ಬಂತು. ಅಷ್ಟು ಸಂತೋಷ ಆಮೇಲೆ ನನಗೆ ಆಗಿಲ್ಲ.

ಮರಳಿದಾಗ, ಬಾಗಿಲು ತೆರೆದವಳು ಅವ್ವನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಸೀರೆಯೊಳಗೆ ಮೂಳೆ ಮಾತ್ರ ಇತ್ತು. ಮರುದಿನವೇ ಆಸ್ಪತ್ರೆಗೆ ಟ್ಯಾಕ್ಸಿ ಹಿಡಿದೆ. ದಾರಿಯಲ್ಲಿ ಕೆಂಪು ಬಾವುಟಗಳ ಮೆರವಣಿಗೆ, ಮುಗಿಯುವಂತೆಯೇ ಕಾಣಲಿಲ್ಲ. ನಿಂತ ಟ್ಯಾಕ್ಸಿಯಲ್ಲಿ ನಾನು ಅವಳ ಮೇಲೆ ಕೂಗಾಡಿದೆ, ಯಾಕೆ ಬಾಯಿ ಬಿಡಲಿಲ್ಲ ಎಂದು. ಅವಳು ಕಿಟಕಿಯಾಚೆ ನೋಡುತ್ತ, "ಎಷ್ಟ ಮಂದಿ ಅದಾರ ನೋಡು" ಎಂದಳು.

ಪರೀಕ್ಷೆಗಳೆಲ್ಲ ಆದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು, ಹೊಟ್ಟೆನೋವು ಯಾವಾಗಿನಿಂದ ಎಂದು ಬಂಗಾಳಿಯಲ್ಲಿ ಕೇಳಿದರು. ಅವ್ವನಿಗೆ ಬಂಗಾಳಿ ಬಾರದು. ಕನ್ನಡದಲ್ಲಿ ಕೇಳಿದೆ.

"ಪೂಜಾಕ್ಕಿಂತ ಮೊದಲಿಂದ" ಎಂದಳು, ನನ್ನ ಮುಖ ನೋಡದೆ. "ಹೇಳಿದ್ರ ನೀ ಹೋಗ್ತಿದ್ದಿಲ್ಲ. ಇವರಿಗೆ ಮಾತ್ರ, ನೀ ಹಡಗದಾಗ ಇದ್ದಾಗ ಶುರು ಆತು ಅಂತ ಹೇಳು. ಮಗಳು ನೋಡ್ಲಿಲ್ಲ ಅಂತ ನಿನ್ನ ಅಂದಾರು."

ನನ್ನ ಕೈ ಅವಳ ಕೈಯಲ್ಲಿತ್ತು. ಡಾಕ್ಟರ ಕಡೆ ತಿರುಗಿ, "ಪುಜೋರ್ ಆಗೇ ಥೇಕೆ" ಎಂದೆ, ಪೂಜೆಗೂ ಮೊದಲಿನಿಂದ. ಆ ಮಾತಿನಲ್ಲಿ 'ಪುಜೋ' ಎಂಬ ಒಂದು ಪದ ಅವಳಿಗೆ ತಿಳಿಯಿತು. ನನ್ನ ಕೈ ಬಿಟ್ಟಳು.

ಡಾಕ್ಟರು ಪೆನ್ನು ಮುಚ್ಚಿ, ಮೆಲ್ಲಗೆ ಎರಡು ಮಾತು ಹೇಳಿದರು.

"ಏನಂದ್ರು?"

"ಮನೀಗೆ ಕರ್ಕೊಂಡ ಹೋಗ್ರಿ ಅಂದ್ರು."

"ಆಪರೇಶನ್?"

"ಬ್ಯಾಡಂತ."

"ತಿಳೀತು ಬಿಡು. ನೀ ಹೋಗಿ ಬಂದ್ಯಲ್ಲ, ಸಾಕು" ಎಂದು ಅವ್ವ ಮೇಜಿನಡಿಯಲ್ಲಿ ಕಾಲಾಡಿಸಿ ಚಪ್ಪಲಿ ಹುಡುಕತೊಡಗಿದಳು.