ಕೊಡದ ಕೊರಳಲ್ಲಿ ಕಲ್ಯಾಣಪ್ಪನ ಹೆಸರು

ಅಫಜಲಪುರದ ಬಜಾರಿನಲ್ಲಿ ಮಲಂಗಸಾಬರ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಕಲ್ಯಾಣಪ್ಪ ಹೆಸರು ಕೊರೆಯುತ್ತಿದ್ದ. ಕೊಡ, ತಂಬಿಗೆ, ಪರಾತ, ಏನೇ ತನ್ನಿ, ಸಣ್ಣ ಉಳಿ ಇಟ್ಟು ಟಕ್ ಟಕ್ ಎಂದು ಬಡಿದು, ಚುಕ್ಕೆ ಚುಕ್ಕೆಯಾಗಿ ಹೆಸರು ಮೂಡಿಸಿಬಿಡುತ್ತಿದ್ದ. ಮುತ್ತಿನಂಥ ಅಕ್ಷರ, ಅದರಲ್ಲಿ ಎರಡು ಮಾತಿಲ್ಲ. ಅಣ್ಣತಮ್ಮಂದಿರು ಪಾಲಾಗುವಾಗ ಸಾಮಾನಿಗೆ ಜಗಳ ಬಿದ್ದರೆ ಊರವರು ಇವನನ್ನೇ ಕರೆಸುತ್ತಿದ್ದರು. ಸವೆದುಹೋದ ಹೆಸರನ್ನೂ ಬೆರಳಾಡಿಸಿ ಓದಿ, "ಹೆಸರು ಯಾರದೋ ಭಾಂಡೆ ಅವರದು" ಎನ್ನುತ್ತಿದ್ದ. ಮುಗಿಯಿತು, ಆಮೇಲೆ ಯಾರೂ ಕಮಕ್ ಕಿಮಕ್ ಎನ್ನುತ್ತಿರಲಿಲ್ಲ.

ಇಂಥವನ ಸಂಸಾರವೇ 1984ರಲ್ಲಿ ಪಾಲಿಗೆ ಬಂತು.

ಹೆಂಡತಿ ಶಿವಕಾಂತಾ ಕಡಗಂಚಿಯವಳು. ಮದುವೆಯಾಗಿ ಮೂರು ವರ್ಷಕ್ಕೆ ಜೇವರ್ಗಿಯ ಶಾಲೆಯಲ್ಲಿ ನೌಕರಿ ಸಿಕ್ಕಿ ಹೋದಳು. ಇವನು ಕಟ್ಟೆ ಬಿಟ್ಟು ಏಳಲಿಲ್ಲ, ಅವಳು ನೌಕರಿ ಬಿಡಲಿಲ್ಲ. ಮಕ್ಕಳಿರಲಿಲ್ಲ. ಆರು ವರ್ಷ ಹಬ್ಬಕ್ಕೊಮ್ಮೆ ಬಂದು ಹೋಗುವ ನೆಂಟಸ್ತಿಕೆಯಾಗಿ, ಕೊನೆಗೆ ಜಗಳವಾಡುವಷ್ಟು ಸಲಿಗೆಯೂ ಉಳಿಯಲಿಲ್ಲ. ಬಿಟ್ಟುಬಿಡೋಣ ಎಂದು ಇಬ್ಬರೂ ಒಪ್ಪಿದರು. ವಕೀಲರೊಬ್ಬರ ಫೀಸು ಕೇಳಿ ಇಬ್ಬರೂ ಒಟ್ಟಿಗೆ "ಅಯ್ಯಯ್ಯಪ್ಪಾ" ಎಂದರು. ಒಂಬತ್ತು ವರ್ಷದಲ್ಲಿ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದದ್ದು ಅದೊಂದೇ ಸಲ! ಸ್ಟ್ಯಾಂಪ್ ಕಾಗದ ತಂದು ಬಿಡುಗಡೆಯ ಸೋಡಚೀಟಿಯನ್ನು ತಾವೇ ಬರೆದುಕೊಳ್ಳುವುದು, ಸಾಮಾನು ತಾವೇ ಹಂಚಿಕೊಳ್ಳುವುದು, ಮಲಂಗಸಾಬರು ಸಾಕ್ಷಿ ಹಾಕುವುದು ಎಂದಾಯಿತು.

ಅವತ್ತು ಪಡಸಾಲೆಯಲ್ಲಿ ಎಲ್ಲವನ್ನೂ ಹರವಿದರು. ಮಂಚ, ಟ್ರಂಕು, ಹೊಲಿಗೆ ಯಂತ್ರ ಸಲೀಸಾಗಿ ಹಂಚಿಹೋದವು. ಉಳಿದದ್ದು ಪಾತ್ರೆ.

"ಅದಕ್ಕ್ಯಾಕ ತಲಿ ಕೆಡಿಸ್ಕೋತೀರಿ?" ಎಂದರು ಮಲಂಗಸಾಬರು. "ಊರಿಗೆಲ್ಲ ನೀನೇ ನ್ಯಾಯ ಹೇಳ್ತಿ, ಕಲ್ಯಾಣಪ್ಪ. ಹೆಸರು ಯಾರದೋ ಭಾಂಡೆ ಅವರದು. ನೀ ಓದು, ತಂಗಿ ಬರೀತಾಳ."

ಕಲ್ಯಾಣಪ್ಪ ಹತ್ತಿರವಿದ್ದ ತಂಬಿಗೆಯ ಹೆಸರನ್ನು ಗೋಡೆಯ ಕಡೆ ತಿರುಗಿಸಿಟ್ಟ.

ಕಾರಣ ಹೇಳಲಿಕ್ಕೂ ನಾಚಿಕೆ. ಆ ಪಾತ್ರೆಗಳನ್ನು ಮದುವೆಯಲ್ಲಿ ಕೊಟ್ಟವನು ಶಿವಕಾಂತಾಳ ತಂದೆ ಜಗದೇವಪ್ಪ. ಒಂದೊಂದರ ಮೇಲೂ "ಜಗದೇವಪ್ಪ, ಕಡಗಂಚಿ" ಎಂದು ಕೊರೆಸಿ ಕಳಿಸಿದ್ದ. ಹೊಸದರಲ್ಲಿ ಬಜಾರಿನ ಗೆಳೆಯರು, "ಏನಲೇ, ಮಂದಿಗೆಲ್ಲ ಹೆಸರು ಕೊರೀತಿ, ಮನ್ಯಾಗ ಮಾವನ ಹೆಸರಿನ ನೀರು ಕುಡೀತಿ" ಎಂದು ಕಿಚಾಯಿಸಿದ್ದೇ ಸಾಕಾಯಿತು ನಮ್ಮ ಶೂರನಿಗೆ. ಹೆಂಡತಿ ತವರಿಗೆ ಹೋದಾಗ ಹದಿಮೂರು ಪಾತ್ರೆಗಳಿಗೂ ಲೋಹ ಉಜ್ಜುವ ಕಾನಸು ಹಾಕಿ, ತಿಕ್ಕಿ ತಿಕ್ಕಿ ಮಾವನ ಹೆಸರು ಅಳಿಸಿ, ಅದೇ ಜಾಗದಲ್ಲಿ ತನ್ನ ಹೆಸರು ಕೊರೆದುಕೊಂಡ. ಥೂ, ಎಂಥ ಕೆಲಸ! ಬಂದವಳು ಕೊಡ ತಿರುಗಿಸಿ ನೋಡಿದಳು, ಒಂದು ಮಾತೂ ಆಡದೆ ನೀರಿಗೆ ಹೋದಳು. ಗೊತ್ತಾಗಿರಲಿಕ್ಕಿಲ್ಲ ಎಂದು ಇವನು ಅಂದಿನಿಂದ ಸಮಾಧಾನ ಮಾಡಿಕೊಂಡಿದ್ದ. ಜಗದೇವಪ್ಪ ಹೋದ ವರ್ಷ ತೀರಿಕೊಂಡಿದ್ದ.

"ಓದ್ರಿ," ಎಂದಳು ಶಿವಕಾಂತಾ, ಪೆನ್ನು ಹಿಡಿದು.

ಇವನು ತಾಮ್ರದ ಕೊಡ ಎತ್ತಿಕೊಂಡ. "ಕೊಡ... ಜಗದೇವಪ್ಪ, ಕಡಗಂಚಿ" ಎಂದುಬಿಟ್ಟ. ಪಾತ್ರೆ ಅವಳಿಗೆ ಹೋಗಲಿ, ತನ್ನ ಮಾನವೂ ಉಳಿಯಲಿ ಎಂಬ ಆಸೆ.

ಅವಳು ಬರೆಯಲಿಲ್ಲ. "ಹಂಗ ಇಲ್ರಿ ಅದರ ಮ್ಯಾಲ. ಇದ್ದದ್ದು ಓದ್ರಿ."

"ಭಾಂಡೆ ಎಲ್ಲಾ ನಿನ್ನವೇ ಅವ, ತಗೊಂಡು ಹೋಗಿಬಿಡು."

"ನನ್ನವು ಅಂತ ನನಗ ಗೊತ್ತದ. ಇದ್ದದ್ದು ಓದ್ರಿ."

ಮಲಂಗಸಾಬರು ಚಷ್ಮಾ ಏರಿಸಿ ಕೊಡವನ್ನು ಇಸಿದುಕೊಂಡರು. "ಕಲ್ಯಾಣಪ್ಪ ಅಂತ ಅದಲ್ಲೋ!" ಎಂದರು. ಜೀವಮಾನವೆಲ್ಲ ತಾಮ್ರ ಮುಟ್ಟಿದ ಕೈ ಅದು. ಬೆರಳು ಅಕ್ಷರದ ಸುತ್ತಲಿನ ತಗ್ಗಿಗೆ ಹೋಗಿ ನಿಂತಿತು. "ಇಲ್ಲಿ ಯಾರೋ ಕಾನಸು ಹಾಕ್ಯಾರ," ಎಂದು ತಲೆಯೆತ್ತಿ ಇವನನ್ನೇ ನೋಡಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಕಲ್ಯಾಣಪ್ಪನಿಗೆ. "ನಾನೇ ಹಾಕೀನ್ರಿ, ಸಾಬ್ರೇ. ಮಾವನ ಹೆಸರು ಇತ್ತು. ಅಳಿಸಿ ನಂದು ಕೊರ್ಕೊಂಡೆ. ಹದಿಮೂರರ ಮ್ಯಾಲೂ."

ಮಲಂಗಸಾಬರು ಬೈಯಲಿಲ್ಲ. ಕೊಡವನ್ನು ಮೆಲ್ಲಗೆ ಕೆಳಗಿಟ್ಟರು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

"ಅಪ್ಪ ಒಮ್ಮೆ ಇಲ್ಲಿ ಬಂದಾಗ ಆ ತಂಬಿಗ್ಯಾಗ ನೀರು ಕೊಟ್ಟಿದ್ದೆ," ಎಂದಳು ಶಿವಕಾಂತಾ. "ಕುಡುದು, ಹೆಸರು ಓದಿದ. ಅಕ್ಷರ ಭಾಳ ಚಂದ ಕೊರೀತಾನ ನಿನ್ನ ಗಂಡ, ಅಂದ. ಅಷ್ಟೇ ಅಂದಿದ್ದು."

ಮಾವ ಓದಿದ್ದ! ಕಲ್ಯಾಣಪ್ಪನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಒಂದೇ ಒಂದು ದಿನ ತಡಿ," ಎಂದ. "ನನ್ನ ಹೆಸರು ಅಳಿಸಿ ಮಾವಂದು ಕೊರ್ದು ಕೊಡ್ತೇನಿ."

"ಬ್ಯಾಡ್ರಿ. ಒಮ್ಮೆ ತಿಕ್ಕಿದ್ದಕ್ಕೇ ತೆಳ್ಳಗಾಗ್ಯಾವ. ಇನ್ನೊಮ್ಮೆ ತಿಕ್ಕಿದ್ರ ತೂತು ಬೀಳ್ತಾವ."

ಅದು ಅವನಿಗೂ ಗೊತ್ತಿತ್ತು. ಅವಳು ಬರೆಯತೊಡಗಿದಳು. "ತಾಮ್ರದ ಕೊಡ ಒಂದು. ಕೊಟ್ಟವರು ಜಗದೇವಪ್ಪ. ಹೆಸರು ಕಲ್ಯಾಣಪ್ಪನದು." ಹೀಗೆ ಹದಿಮೂರು ಸಾಲು. ಒಂದೊಂದನ್ನೂ ಓದಿ ಹೇಳಿ, ಕಾಗದವನ್ನು ಇವನ ಮುಂದೆ ಸರಿಸಿದಳು. ಊರಿಗೆಲ್ಲ ಹೆಸರು ಬರೆದುಕೊಟ್ಟ ಕೈ ಆ ಹದಿಮೂರು ಸಾಲಿನ ಕೆಳಗೆ ತನ್ನ ಸಹಿ ಹಾಕಿತು.

ಮರುದಿನ ಜೇವರ್ಗಿ ಬಸ್ಸಿಗೆ ಮೂಟೆಯನ್ನು ತಾನೇ ಹೊತ್ತು ತಂದು ಏರಿಸಿದ. ಕೊಡ ಮೂಟೆಯಲ್ಲಿ ಹಿಡಿಸಿರಲಿಲ್ಲ, ಅವಳು ತೊಡೆಯ ಮೇಲಿಟ್ಟುಕೊಂಡಿದ್ದಳು. ಇವನು ಕೆಳಗೆ ಕಿಟಕಿಯ ಹತ್ತಿರ ನಿಂತಿದ್ದ, ಏನಾದರೂ ಹೇಳಿಯಾಳು ಎಂದು. ಕಂಡಕ್ಟರ್ ಬಂದು ಕೊಡದ ಮೇಲೆ ಕಣ್ಣಾಡಿಸಿದ.

"ಕಲ್ಯಾಣಪ್ಪ ಯಾರ್ರಿ ಅಕ್ಕಾ? ಅವರೂ ಬರ್ತಾರೇನು? ಎರಡು ಟಿಕೇಟು ಕೊಡ್ಲೇನು?"

"ಇಲ್ರಿ, ಒಂದೇ ಕೊಡ್ರಿ," ಎಂದಳು ಶಿವಕಾಂತಾ. "ಕೊಡ ನಮ್ಮಪ್ಪಂದು. ಅವರು ಹೆಸರು ಕೊರಿಯೋರು."

ಬಸ್ಸು ಹೊರಟಿತು. ಆಮೇಲೆಯೂ ಕಲ್ಯಾಣಪ್ಪ ಅದೇ ಕಟ್ಟೆಯ ಮೇಲೆ ವರ್ಷಗಟ್ಟಲೆ ಕೂತ. ಆದರೆ ಹಳೆಯ ಹೆಸರು ಅಳಿಸಿ ಹೊಸದು ಕೊರೆದುಕೊಡು ಎಂದು ಯಾರೇ ಬರಲಿ, ಪಾತ್ರೆಯನ್ನು ಹಾಗೇ ತಿರುಗಿ ಕೊಟ್ಟುಬಿಡುತ್ತಿದ್ದ. ಯಾಕೆಂದು ಕೇಳಿದರೆ, ತಲೆ ಎತ್ತದೆ, "ಆ ಕೆಲಸ ನನಗ ಬರಂಗಿಲ್ರಿ" ಎನ್ನುತ್ತಿದ್ದ.